ಮನೆಗೆ ಫೈಬರ್‌ಗ್ಲಾಸ್ ಕಿಟಕಿ: ಆಯ್ಕೆ, ಅಳವಡಿಕೆ ಮತ್ತು ಲೆಕ್ಕಾಚಾರ

ಹರಪನಹಳ್ಳಿ ತಾಲ್ಲೂಕಿನ ತೆಲಿಗಿ ಹೋಬಳಿಯಲ್ಲಿಯೂ ಸುತ್ತಲಿನ ಕೊಟ್ಟೂರು, ಕೂಡ್ಲಿಗಿ, ಹಗರಿಬೊಮ್ಮನಹಳ್ಳಿ, ಹಡಗಲಿ ಪ್ರದೇಶಗಳಲ್ಲಿಯೂ ಹಳೆಯ ಮಣ್ಣಿನ ಮಾಳಿಗೆ ಮನೆಗಳ ಜಾಗದಲ್ಲಿ ಆರ್.ಸಿ.ಸಿ. ಮನೆಗಳು ಎದ್ದಿವೆ. ಮಾಳಿಗೆ ಮನೆಯ ಗೋಡೆ ದಪ್ಪ, ಕಿಟಕಿ ಚಿಕ್ಕದು. ಬಿಸಿಲು ಒಳಗೆ ಬರುವ ದಾರಿಯೇ ಕಡಿಮೆ. ಹೊಸ ಮನೆಯ ಗೋಡೆ ತೆಳು, ಕಿಟಕಿ ದೊಡ್ಡದು. ಹೀಗಾಗಿ ಹಿಂದೆ ಬಡಗಿಯ ಕೂಲಿ ಮತ್ತು ನಾಲ್ಕು ಬೇವಿನ ಅಥವಾ ಮತ್ತಿಯ ತುಂಡುಗಳಲ್ಲಿ ಮುಗಿಯುತ್ತಿದ್ದ ಕಿಟಕಿಯ ಕೆಲಸ ಇಂದು ಮನೆ ಕಟ್ಟುವವರ ಅಂದಾಜು ಪಟ್ಟಿಯಲ್ಲಿ ಲಕ್ಷ ರೂಪಾಯಿಗಳ ಬಾಬ್ತಾಗಿ ಪರಿಣಮಿಸಿದೆ.

ಅರಣ್ಯ ಸಂರಕ್ಷಣೆಯ ಕುರಿತು ಸರ್ವೋಚ್ಚ ನ್ಯಾಯಾಲಯವು ಗೋದಾವರ್ಮನ್ ಪ್ರಕರಣದಲ್ಲಿ 1996ರ ಡಿಸೆಂಬರ್ 12ರಂದು ನೀಡಿದ ಆದೇಶದ ತರುವಾಯ ಅರಣ್ಯದ ಮರ ಕಡಿಯುವಿಕೆಯ ಮೇಲೆ ಬಿಗಿಯಾದ ನಿಯಂತ್ರಣ ಬಂದಿತು. ಉತ್ತಮ ತೇಗ ಸಾಮಾನ್ಯ ಗೃಹಸ್ಥನ ಕೈಗೆಟುಕದಂತಾಯಿತು. ಆ ತೆರವನ್ನು ಮೊದಲು ಉಕ್ಕು ಮತ್ತು ಅಲ್ಯೂಮಿನಿಯಂ, ನಂತರ ಯು.ಪಿ.ವಿ.ಸಿ. ತುಂಬಿದವು. ಈಗ ಆ ಸಾಲಿಗೆ ಫೈಬರ್‌ಗ್ಲಾಸ್ ಸೇರಿದೆ. ಈ ವಸ್ತುವಿನ ಗುಣವೇನು, ಬೆಲೆಗೆ ತಕ್ಕ ಪ್ರತಿಫಲ ಸಿಗುವುದು ಎಲ್ಲಿ, ಅಳವಡಿಸುವಾಗ ಎಚ್ಚರ ವಹಿಸಬೇಕಾದ ಅಂಶಗಳಾವುವು ಎಂಬುದನ್ನು ಮನೆ ಕಟ್ಟುವ ವರ್ತಕರೂ ಕಿಟಕಿ ತಯಾರಿಸಿ ಮಾರುವ ಸಣ್ಣ ಉದ್ಯಮಿಗಳೂ ಅರಿತಿರುವುದು ಅವಶ್ಯಕ.

ಹೆಸರು ಒಂದು, ವಸ್ತು ಹಲವು

ಮೊದಲ ತೊಡಕು ಹೆಸರಿನಲ್ಲಿಯೇ ಇದೆ. ನಮ್ಮ ಪೇಟೆಗಳಲ್ಲಿ ಬಚ್ಚಲುಮನೆಯ ಪ್ಲಾಸ್ಟಿಕ್ ಬಾಗಿಲನ್ನೂ ‘ಫೈಬರ್ ಬಾಗಿಲು’ ಎಂದೇ ಕರೆಯುವ ರೂಢಿಯಿದೆ. ಅದೇ ಜಾಡಿನಲ್ಲಿ ‘ಫೈಬರ್ ಕಿಟಕಿ’ ಎಂಬ ಮಾತೂ ಚಲಾವಣೆಗೆ ಬಂದಿದೆ. ಈ ಒಂದು ಹೆಸರಿನಡಿ ಕನಿಷ್ಠ ಮೂರು ಬೇರೆ ಬೇರೆ ಸರಕುಗಳು ಮಾರಾಟವಾಗಬಹುದು.

ಒಂದನೆಯದು ನಿಜವಾದ ಫೈಬರ್‌ಗ್ಲಾಸ್ ಚೌಕಟ್ಟು. ಕೂದಲಿಗಿಂತ ತೆಳುವಾದ ಗಾಜಿನ ಎಳೆಗಳನ್ನು ರಾಳದಲ್ಲಿ ಅದ್ದಿ, ಕಾಯಿಸಿದ ಅಚ್ಚಿನ ಮೂಲಕ ಒಂದೇ ಸಮನೆ ಎಳೆದು ಉದ್ದನೆಯ ಪಟ್ಟಿಗಳನ್ನಾಗಿ ಮಾಡುತ್ತಾರೆ. ಈ ವಿಧಾನಕ್ಕೆ ಪಲ್ಟ್ರೂಷನ್ ಎಂದು ಹೆಸರು. ಈ ಪಟ್ಟಿಗಳನ್ನು ಅಳತೆಗೆ ಕತ್ತರಿಸಿ, ಮೂಲೆ ಜೋಡಿಸಿ, ಬಣ್ಣ ಹಚ್ಚಿ ಕಿಟಕಿಯಾಗಿಸಲಾಗುತ್ತದೆ. ಕೆನಡಾ ಮತ್ತು ಅಮೆರಿಕಗಳಲ್ಲಿ ಫೈಬರ್‌ಗ್ಲಾಸ್ ಕಿಟಕಿಯೆಂದರೆ ಬಹುಮಟ್ಟಿಗೆ ಇದೇ ಆಗಿದೆ.

ಎರಡನೆಯದು ಎಫ್.ಆರ್.ಪಿ. ಎಂದು ಕರೆಯಲ್ಪಡುವ, ಅಚ್ಚಿನಲ್ಲಿ ಪದರ ಪದರವಾಗಿ ಹಚ್ಚಿ ತಯಾರಿಸಿದ ಹಲಗೆ ಅಥವಾ ಚೌಕಟ್ಟು. ಇದರಲ್ಲಿಯೂ ಗಾಜಿನ ಎಳೆ ಮತ್ತು ರಾಳವೇ ಇರುತ್ತವೆ. ಆದರೆ ಎಳೆಯ ಪ್ರಮಾಣ, ದಪ್ಪ ಮತ್ತು ಒಳಗಿನ ತಿರುಳು ತಯಾರಕರಿಂದ ತಯಾರಕರಿಗೆ ಬದಲಾಗುತ್ತವೆ. ಇಂತಹ ಬಾಗಿಲುಗಳಿಗೆ ಭಾರತೀಯ ಮಾನಕ ಬ್ಯೂರೋದ ಐ.ಎಸ್. 14856 ಎಂಬ ಮಾನಕವಿದ್ದು, ಅದು ಮನೆಯ ಒಳಭಾಗದ ಬಾಗಿಲುಗಳಿಗೆ ಸಂಬಂಧಿಸಿದ್ದು. ಬಿಸಿಲು ಮಳೆಗೆ ಒಡ್ಡಿಕೊಳ್ಳುವ ಹೊರಗೋಡೆಯ ಕಿಟಕಿಗೆ ಆ ಮಾನಕದ ಸಂಖ್ಯೆಯನ್ನು ತೋರಿಸಿ ಭರವಸೆ ಕೊಟ್ಟರೆ ಒಪ್ಪಲಾಗದು.

ಮೂರನೆಯದು ಯು.ಪಿ.ವಿ.ಸಿ. ಅಥವಾ ಮರದ ಪುಡಿ ಬೆರೆಸಿದ ಪ್ಲಾಸ್ಟಿಕ್. ಇವು ತಮ್ಮ ಮಟ್ಟಿಗೆ ಉಪಯುಕ್ತವಾದ ಸರಕುಗಳೇ. ಆದರೆ ಇವು ಫೈಬರ್‌ಗ್ಲಾಸ್ ಅಲ್ಲ. ಫೈಬರ್‌ಗ್ಲಾಸಿನ ಬೆಲೆಯನ್ನು ಇವುಗಳಿಗೆ ತೆರಬೇಕಾಗಿಲ್ಲ.

ಇವನ್ನು ಗುರುತಿಸಲು ಸುಲಭವಾದ ಪರೀಕ್ಷೆಯೊಂದಿದೆ. ಬೋರ್‌ವೆಲ್ ಪೈಪನ್ನು ಬೆಂಕಿಗೆ ಹಿಡಿದು ಬಾಯಿ ಅಗಲಿಸಿ ಜೋಡಿಸುವುದು ರೈತರಿಗೆಲ್ಲ ತಿಳಿದ ಕೆಲಸ. ಪಿ.ವಿ.ಸಿ. ಶಾಖಕ್ಕೆ ಮೆತ್ತಗಾಗುವುದರಿಂದಲೇ ಅದು ಸಾಧ್ಯ. ಯು.ಪಿ.ವಿ.ಸಿ. ಸುಮಾರು 80 ಡಿಗ್ರಿ ಸೆಲ್ಸಿಯಸ್ ಹತ್ತಿರ ಮೆದುವಾಗತೊಡಗುತ್ತದೆ. ಫೈಬರ್‌ಗ್ಲಾಸಿನಲ್ಲಿರುವ ರಾಳ ಒಮ್ಮೆ ಗಟ್ಟಿಯಾದ ಮೇಲೆ ಮತ್ತೆ ಮೆತ್ತಗಾಗಿ ಬೇಕಾದ ಆಕಾರಕ್ಕೆ ಬಾಗುವುದಿಲ್ಲ. ಮಾದರಿ ತುಂಡನ್ನು ಕೇಳಿ ಪಡೆದು, ಕುದಿಯುವ ನೀರಿನಲ್ಲಿ ಐದಾರು ನಿಮಿಷ ಇರಿಸಿ, ಇಕ್ಕಳದಿಂದ ಹಿಡಿದು ಬಗ್ಗಿಸಿ ನೋಡಿದರೆ ವ್ಯತ್ಯಾಸ ತಿಳಿಯುತ್ತದೆ. ಕತ್ತರಿಸಿದ ಅಂಚಿನಲ್ಲಿ ಗಾಜಿನ ಎಳೆಗಳು ಕಣ್ಣಿಗೆ ಕಾಣುವುದು ಮತ್ತೊಂದು ಗುರುತು. ಮಾದರಿ ತುಂಡು ಕೊಡಲು ಹಿಂಜರಿಯುವ ಮಾರಾಟಗಾರರೊಡನೆ ವ್ಯವಹಾರ ಮುಂದುವರಿಸದಿರುವುದು ಲೇಸು.

ಹಿಗ್ಗುವಿಕೆ ಮತ್ತು ಶಾಖ

ಫೈಬರ್‌ಗ್ಲಾಸಿನ ಮುಖ್ಯ ಗುಣವೆಂದರೆ ಬಿಸಿಲಿಗೆ ಅದು ಬಹಳ ಕಡಿಮೆ ಹಿಗ್ಗುವುದು. ಐದು ಅಡಿ, ಅಂದರೆ ಸುಮಾರು ಒಂದೂವರೆ ಮೀಟರ್ ಉದ್ದದ ಚೌಕಟ್ಟನ್ನು ತೆಗೆದುಕೊಳ್ಳೋಣ. ಮಾಗಿಯ ಬೆಳಗಿನ 15 ಡಿಗ್ರಿಯಿಂದ ಬೇಸಿಗೆಯ ಮಧ್ಯಾಹ್ನ ಬಿಸಿಲು ಬಿದ್ದ ಮೇಲ್ಮೈಯ 55 ಡಿಗ್ರಿಯವರೆಗೆ 40 ಡಿಗ್ರಿಯ ಅಂತರವೆಂದು ಭಾವಿಸಿದರೆ, ಅಲ್ಯೂಮಿನಿಯಂ ಸುಮಾರು 1.4 ಮಿ.ಮೀ. ಹಿಗ್ಗುತ್ತದೆ. ಯು.ಪಿ.ವಿ.ಸಿ. ತನ್ನ ಮಿಶ್ರಣಕ್ಕನುಗುಣವಾಗಿ 3ರಿಂದ 4.5 ಮಿ.ಮೀ.ವರೆಗೆ ಹಿಗ್ಗುತ್ತದೆ. ಫೈಬರ್‌ಗ್ಲಾಸ್ ಅರ್ಧ ಮಿ.ಮೀ. ಆಸುಪಾಸಿನಲ್ಲಿಯೇ ನಿಲ್ಲುತ್ತದೆ. ಗಾಜಿನ ಹಿಗ್ಗುವಿಕೆಯೂ ಹೆಚ್ಚುಕಡಿಮೆ ಅಷ್ಟೇ.

ಚೌಕಟ್ಟು ಮತ್ತು ಗಾಜು ಒಂದೇ ಪ್ರಮಾಣದಲ್ಲಿ ಹಿಗ್ಗಿ ಕುಗ್ಗುವುದರಿಂದ ಅವುಗಳ ನಡುವಿನ ರಬ್ಬರ್ ಪಟ್ಟಿ ಮತ್ತು ಅಂಟಿನ ಮೇಲೆ ಒತ್ತಡ ಬೀಳುವುದು ಕಡಿಮೆ. ಅಂಟು ಬಿಟ್ಟುಕೊಂಡರೆ ಮೊದಲು ಧೂಳು, ಅನಂತರ ನೀರು ಒಳಬರುತ್ತದೆ. ಮೆಕ್ಕೆಜೋಳ ಒಕ್ಕುವ ಕಾಲದ ಧೂಳು ಮತ್ತು ಆಷಾಢದ ಗಾಳಿಯೊಡನೆ ಬರುವ ಮಣ್ಣನ್ನು ಬಲ್ಲ ನಮ್ಮ ಭಾಗದ ಗೃಹಿಣಿಯರಿಗೆ ಈ ಅಂಶದ ಮಹತ್ವವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಎರಡನೆಯ ಗುಣ, ಶಾಖವನ್ನು ಸುಲಭವಾಗಿ ಸಾಗಿಸದಿರುವುದು. ಅಲ್ಯೂಮಿನಿಯಂ ಮಿಶ್ರಲೋಹ ಫೈಬರ್‌ಗ್ಲಾಸಿಗಿಂತ ಸುಮಾರು 500 ಪಟ್ಟು ಹೆಚ್ಚು ಶಾಖವನ್ನು ಸಾಗಿಸುತ್ತದೆ. ಮರ ಮತ್ತು ಯು.ಪಿ.ವಿ.ಸಿ. ಈ ವಿಷಯದಲ್ಲಿ ಫೈಬರ್‌ಗ್ಲಾಸಿನಷ್ಟೇ ಉತ್ತಮ, ತುಸು ಮೇಲೆಂದರೂ ಸರಿ. ಗೆದ್ದಲು ಹತ್ತದಿರುವುದು, ತುಕ್ಕು ಹಿಡಿಯದಿರುವುದು, ಮಳೆಗಾಲದಲ್ಲಿ ಉಬ್ಬಿ ಬಾಗಿಲು ಬಿಗಿಯಾಗದಿರುವುದು ಇತರ ಅನುಕೂಲಗಳು.

ದೋಷಗಳೂ ಇವೆ. ಬರಿಯ ರಾಳವು ಬಿಸಿಲಿಗೆ ಸಿಕ್ಕರೆ ವರ್ಷಗಳು ಕಳೆದಂತೆ ಮೇಲ್ಮೈ ಸುಣ್ಣದಂತೆ ಪುಡಿಯಾಗಿ, ಒಳಗಿನ ಗಾಜಿನ ಎಳೆಗಳು ಹೊರಚಾಚುತ್ತವೆ. ಆದ್ದರಿಂದ ಹೊರಮುಖದ ರಕ್ಷಕ ಲೇಪ ಅತ್ಯಗತ್ಯ. ಜೋರಾದ ಪೆಟ್ಟು ಬಿದ್ದರೆ ಅದು ಉಕ್ಕಿನಂತೆ ನೆಗ್ಗದೆ ಸೀಳುತ್ತದೆ. ರಾಳವು ಉರಿಯುವ ವಸ್ತುವಾದುದರಿಂದ, ಸೌದೆ ಒಲೆಯಿರುವ ಅಡುಗೆಮನೆಯ ಕಿಟಕಿಗೆ ಬೆಂಕಿ ನಿರೋಧಕ ಬೆರೆಸಿದ ದರ್ಜೆಯನ್ನೇ ಕೇಳಬೇಕು.

ಚೌಕಟ್ಟಿನಿಂದ ಆಗದ ಕೆಲಸ

‘ಈ ಕಿಟಕಿ ಹಾಕಿಸಿದರೆ ಮನೆ ತಂಪಾಗುತ್ತದೆ’ ಎಂಬ ಮಾರಾಟಗಾರರ ಮಾತನ್ನು ತೂಗಿ ನೋಡಬೇಕು. ಕಿಟಕಿಯ ಒಟ್ಟು ವಿಸ್ತೀರ್ಣದಲ್ಲಿ ಚೌಕಟ್ಟಿನ ಪಾಲು ಚಿಕ್ಕದು, ಗಾಜಿನದೇ ದೊಡ್ಡದು. ಬಿಸಿಲು ನೇರವಾಗಿ ಒಳನುಗ್ಗುವುದು ಗಾಜಿನ ಮೂಲಕ. ಅದರ ಜೊತೆಗೆ ಆರ್.ಸಿ.ಸಿ. ಮಾಳಿಗೆಯ ಶಾಖವೂ ಸೇರುತ್ತದೆ. ಆದ್ದರಿಂದ ಚೌಕಟ್ಟನ್ನು ಬದಲಿಸಿದ ಮಾತ್ರಕ್ಕೆ ಮಧ್ಯಾಹ್ನದ ಧಗೆ ಇಳಿಯದು.

ಹರಪನಹಳ್ಳಿಯು ಸುಮಾರು 14.8 ಡಿಗ್ರಿ ಉತ್ತರ ಅಕ್ಷಾಂಶದಲ್ಲಿದೆ. ಬೇಸಿಗೆಯ ನಡುಹಗಲಿನಲ್ಲಿ ಸೂರ್ಯ ನೆತ್ತಿಯ ಸಮೀಪವಿರುವುದರಿಂದ ಸಾಧಾರಣ ಸಜ್ಜಾ ಕೂಡ ಕಿಟಕಿಗೆ ನೆರಳು ಕೊಡುತ್ತದೆ. ಸಂಜೆಯ ಬಿಸಿಲು ಪಶ್ಚಿಮದಿಂದ ಓರೆಯಾಗಿ ಬರುವಾಗ ಸಜ್ಜಾ ಸಾಲದು. ಅಲ್ಲಿ ಮರದ ನೆರಳು, ಗೋಡೆಯಿಂದ ಹೊರಚಾಚಿದ ಅಡ್ಡ ಫಲಕ ಅಥವಾ ಹೊರಗಡೆ ಇಳಿಬಿಡುವ ಬಿದಿರಿನ ತಟ್ಟಿಯೇ ಪರಿಹಾರ. ಕೇಂದ್ರ ಸರ್ಕಾರದ ಇಂಧನ ದಕ್ಷತಾ ಬ್ಯೂರೋ 2018ರಲ್ಲಿ ಹೊರತಂದ ವಸತಿ ಕಟ್ಟಡಗಳ ‘ಇಕೋ ನಿವಾಸ್ ಸಂಹಿತಾ’ ಕೂಡ ಗೋಡೆ, ಕಿಟಕಿ ಮತ್ತು ನೆರಳನ್ನು ಒಟ್ಟಾಗಿಯೇ ಲೆಕ್ಕಕ್ಕೆ ಹಿಡಿಯುತ್ತದೆ.

ಎರಡು ಪದರದ ಗಾಜಿನ ವಿಷಯವೂ ಹೀಗೆಯೇ. ಚದರ ಮೀಟರಿಗೆ ಪ್ರತಿ ಡಿಗ್ರಿ ಅಂತರಕ್ಕೆ ಒಂಟಿ ಗಾಜು ಸುಮಾರು 5.7 ವ್ಯಾಟ್ ಶಾಖವನ್ನು ದಾಟಿಸಿದರೆ, ನಡುವೆ ಗಾಳಿ ತುಂಬಿದ ಎರಡು ಪದರದ ಗಾಜು ಸುಮಾರು 2.8 ವ್ಯಾಟ್ ದಾಟಿಸುತ್ತದೆ. ಆದರೆ ಈ ಉಳಿತಾಯ ಲಭಿಸುವುದು ಕಿಟಕಿ ಮುಚ್ಚಿದಾಗ, ಅದರಲ್ಲಿಯೂ ಎ.ಸಿ. ಇರುವ ಕೋಣೆಯಲ್ಲಿ. ಗಾಳಿಗಾಗಿ ದಿನವಿಡೀ ಕಿಟಕಿ ತೆರೆದಿಡುವ ಮನೆಯಲ್ಲಿ ಎರಡು ಪದರದ ಗಾಜಿಗೆ ತೆತ್ತ ಹಣ ಬಹುಮಟ್ಟಿಗೆ ವ್ಯರ್ಥ.

ದರದ ಲೆಕ್ಕ

ವರ್ತಕನು ಸರಕು ಕೊಳ್ಳುವಾಗ ಸಾಗಣೆ, ತೆರಿಗೆ, ಬಡ್ಡಿ ಎಲ್ಲವನ್ನೂ ಸೇರಿಸಿ ಅಸಲು ಕಟ್ಟುತ್ತಾನೆ. ಮನೆಯ ಕಿಟಕಿಗೆ ಬಂದಾಗ ಮಾತ್ರ ಚದರ ಅಡಿಯ ದರವೊಂದನ್ನೇ ನೋಡುವುದುಂಟು. ಕೆಳಗಿನ ಉದಾಹರಣೆಯಲ್ಲಿನ ದರಗಳು ಲೆಕ್ಕದ ಅನುಕೂಲಕ್ಕಾಗಿ ಇಟ್ಟುಕೊಂಡವು; ಮಾರುಕಟ್ಟೆಯ ಧಾರಣೆಯಲ್ಲ. ಓದುಗರು ತಮಗೆ ಬಂದ ದರಪಟ್ಟಿಯ ಅಂಕಿಗಳನ್ನು ಅವುಗಳ ಸ್ಥಾನದಲ್ಲಿಟ್ಟು ನೋಡಬಹುದು.

ತೆಲಿಗಿಯಲ್ಲಿ ಮನೆ ಕಟ್ಟಿಸುತ್ತಿರುವ ಧಾನ್ಯ ವರ್ತಕರೊಬ್ಬರಿಗೆ 4 ಅಡಿ ಅಗಲ, 4 ಅಡಿ ಎತ್ತರದ ಎಂಟು ಕಿಟಕಿಗಳು ಬೇಕಿವೆ ಎಂದು ಭಾವಿಸೋಣ. ಒಟ್ಟು 128 ಚದರ ಅಡಿ. ಯು.ಪಿ.ವಿ.ಸಿ. ದರ ಚದರ ಅಡಿಗೆ 700 ರೂ., ಫೈಬರ್‌ಗ್ಲಾಸ್ ದರ 1,000 ರೂ. ವ್ಯತ್ಯಾಸ 300 ರೂ.ನಂತೆ 38,400 ರೂ. ಇದರ ಮೇಲೆ ಶೇ. 18ರ ಜಿ.ಎಸ್.ಟಿ. 6,912 ರೂ. ಸ್ವಂತ ಮನೆಗೆ ಈ ತೆರಿಗೆಯ ಹೂಡುವಳಿ ಜಮೆ ದೊರೆಯದಿರುವುದರಿಂದ ಅದೂ ಅಸಲಿಗೇ ಸೇರುತ್ತದೆ. ಹೀಗೆ ಫೈಬರ್‌ಗ್ಲಾಸ್ ಆರಿಸಿಕೊಂಡರೆ ಹೆಚ್ಚುವರಿ ಹೂಡಿಕೆ 45,312 ರೂ.

ಇಪ್ಪತ್ತು ವರ್ಷಗಳಿಗೆ ಹಂಚಿದರೆ ವರ್ಷಕ್ಕೆ 2,266 ರೂ. ಎಂದು ಸಾಮಾನ್ಯವಾಗಿ ಲೆಕ್ಕ ಹಾಕುತ್ತಾರೆ. ಇದು ಅರ್ಧ ಲೆಕ್ಕ. ಅದೇ ಹಣವನ್ನು ಶೇ. 7ರ ಬಡ್ಡಿಗೆ ತೊಡಗಿಸಬಹುದಾಗಿತ್ತು. ಬಡ್ಡಿಯನ್ನೂ ಸೇರಿಸಿ ನೋಡಿದರೆ, ಈ ಹೂಡಿಕೆ ಗಿಟ್ಟಬೇಕಾದರೆ ಇಪ್ಪತ್ತು ವರ್ಷಗಳ ಕಾಲ ಪ್ರತಿ ವರ್ಷ ಸುಮಾರು 4,277 ರೂ., ಅಂದರೆ ತಿಂಗಳಿಗೆ ಸುಮಾರು 356 ರೂ. ಉಳಿತಾಯವಾಗಬೇಕು. ಎ.ಸಿ. ಇಲ್ಲದ ಮನೆಯಲ್ಲಿ ವಿದ್ಯುತ್ತಿನಿಂದ ಇಷ್ಟು ಉಳಿತಾಯ ಬರುವ ಸಂಭವವಿಲ್ಲ. ರಬ್ಬರ್ ಪಟ್ಟಿ, ಉರುಳೆ, ಚಿಲಕಗಳ ದುರಸ್ತಿ ಮತ್ತು ಚೌಕಟ್ಟಿನ ಬಾಳಿಕೆಯಿಂದಲೇ ಅದು ಹುಟ್ಟಬೇಕು.

ಈ ದೃಷ್ಟಿಯಿಂದ ಮಧ್ಯಮ ಮಾರ್ಗವೊಂದು ತೋರುತ್ತದೆ. ಪಶ್ಚಿಮಕ್ಕೆ ಮುಖ ಮಾಡಿದ, ಬಿಸಿಲು ಹೆಚ್ಚಾಗಿ ಬೀಳುವ ಮೂರು ಕಿಟಕಿಗಳಿಗೆ ಮಾತ್ರ ಫೈಬರ್‌ಗ್ಲಾಸ್ ಹಾಕಿಸಿದರೆ 48 ಚದರ ಅಡಿಗೆ ಹೆಚ್ಚುವರಿ ಖರ್ಚು ತೆರಿಗೆ ಸಹಿತ 16,992 ರೂ. ಗಿಟ್ಟಬೇಕಾದ ಉಳಿತಾಯ ವರ್ಷಕ್ಕೆ ಸುಮಾರು 1,604 ರೂ.ಗಳಿಗೆ ಇಳಿಯುತ್ತದೆ. ಕೈಯಲ್ಲುಳಿದ 28,320 ರೂ.ಗಳನ್ನು ಆ ಕಿಟಕಿಗಳ ಹೊರನೆರಳಿಗೂ ಮಾಳಿಗೆಯ ಮೇಲಿನ ಬಿಳಿ ಲೇಪಕ್ಕೂ ವಿನಿಯೋಗಿಸಿದರೆ ಮನೆಯೊಳಗಿನ ಧಗೆ ನಿಜವಾಗಿಯೂ ಇಳಿಯುತ್ತದೆ. ಇಡೀ ಮನೆಗೆ ದುಬಾರಿ ಚೌಕಟ್ಟು ಹಾಕಿಸಿ ನೆರಳಿಗೆ ಹಣ ಉಳಿಸದಿರುವುದಕ್ಕಿಂತ ಈ ಹಂಚಿಕೆ ಮೇಲು. ಆದರೆ ಎ.ಸಿ. ಅಳವಡಿಸಿದ ಕೋಣೆಗಳು ಹೆಚ್ಚಿರುವ ಮನೆಯಲ್ಲಿ, ಅಥವಾ ಆರೇಳು ಅಡಿಯ ದೊಡ್ಡ ಕಿಟಕಿಗಳಿರುವಲ್ಲಿ ಲೆಕ್ಕ ಫೈಬರ್‌ಗ್ಲಾಸಿನ ಕಡೆಗೆ ವಾಲಬಹುದು.

ದರಪಟ್ಟಿಯಲ್ಲಿ ಇರಬೇಕಾದ ಅಂಶಗಳು

ಮಾತಿನಲ್ಲಿ ಹೇಳಿದ್ದು ಗಾಳಿಗೆ. ದರಪಟ್ಟಿಯಲ್ಲಿ ಬರೆದದ್ದು ಮಾತ್ರ ಆಧಾರವಾಗಿ ನಿಲ್ಲುತ್ತದೆ. ಆದ್ದರಿಂದ ಮುಂಗಡ ಕೊಡುವ ಮುನ್ನ ಕೆಳಕಂಡ ಅಂಶಗಳು ಬರವಣಿಗೆಯಲ್ಲಿರುವಂತೆ ನೋಡಿಕೊಳ್ಳಬೇಕು.

1. ವಸ್ತುವಿನ ಪೂರ್ಣ ಹೆಸರು: ‘ಫೈಬರ್’ ಎಂಬ ಒಂದೇ ಪದ ಸಾಲದು. ‘ಪಲ್ಟ್ರೂಷನ್ ವಿಧಾನದ ಫೈಬರ್‌ಗ್ಲಾಸ್ ಚೌಕಟ್ಟು’ ಎಂದೋ, ‘ಯು.ಪಿ.ವಿ.ಸಿ.’ ಎಂದೋ ಸ್ಪಷ್ಟವಾಗಿರಬೇಕು. ತಯಾರಕರ ಹೆಸರು ಮತ್ತು ಪಟ್ಟಿಯ ಗೋಡೆ ದಪ್ಪ ಮಿ.ಮೀ.ನಲ್ಲಿ ನಮೂದಾಗಿರಬೇಕು.

2. ಹೊರಮುಖದ ಲೇಪ: ಯಾವ ಬಣ್ಣ ಅಥವಾ ಲೇಪ, ಅದಕ್ಕೆ ಎಷ್ಟು ವರ್ಷದ ಖಾತರಿ.

3. ಗಾಜು: ದಪ್ಪ, ಒಂಟಿಯೋ ಎರಡು ಪದರವೋ, ಗಟ್ಟಿಗೊಳಿಸಿದ ಗಾಜಾಗಿದ್ದರೆ ಐ.ಎಸ್. 2553ರ ಗುರುತು. ಮಕ್ಕಳ ಕೈಗೆಟುಕುವ ತಗ್ಗಿನ ಕಿಟಕಿಗೆ ಗಟ್ಟಿಗೊಳಿಸಿದ ಗಾಜೇ ಕ್ಷೇಮ.

4. ತೆರೆಯುವ ಬಗೆ: ಜಾರುವ ಕಿಟಕಿಯಲ್ಲಿ ಒಮ್ಮೆಗೆ ಅರ್ಧ ಭಾಗವಷ್ಟೇ ಗಾಳಿಗೆ ತೆರೆಯುತ್ತದೆ, ಅದರ ಹಳಿಯಲ್ಲಿ ಧೂಳು ಕೂರುತ್ತದೆ. ಹೊರಕ್ಕೆ ತೆರೆಯುವ ಎರಡು ರೆಕ್ಕೆಯ ಕಿಟಕಿ ಪೂರ್ತಿ ಗಾಳಿ ಕೊಡುತ್ತದೆ, ಮುಚ್ಚಿದಾಗ ಬಿಗಿಯಾಗಿ ಕೂರುತ್ತದೆ. ಆದರೆ ಕಬ್ಬಿಣದ ಸರಳು ಮತ್ತು ಸೊಳ್ಳೆ ಪರದೆಗಳ ಸ್ಥಾನವನ್ನು ಮೊದಲೇ ನಿಶ್ಚಯಿಸಬೇಕು.

5. ಅಳತೆಯ ಕ್ರಮ: 3 ಅಡಿ 10 ಅಂಗುಲವನ್ನು 4 ಅಡಿಯೆಂದು ಹಿಡಿಯುವ ಪದ್ಧತಿಯಿದೆ. ಎರಡೂ ಕಡೆ ಹೀಗೆ ಹಿಡಿದರೆ ಎಂಟು ಕಿಟಕಿಗಳಿಗೆ 10 ಚದರ ಅಡಿಗೂ ಮೀರಿ ವ್ಯತ್ಯಾಸವಾಗುತ್ತದೆ. 1,000 ರೂ. ದರದಲ್ಲಿ ತೆರಿಗೆ ಸೇರಿ ಅದು 12,000 ರೂ. ದಾಟುತ್ತದೆ. ದರದಲ್ಲಿ ಚೌಕಾಸಿ ಮಾಡಿ ಗಳಿಸಿದ್ದು ಅಳತೆಯಲ್ಲಿ ಸೋರಿಹೋಗಬಾರದು.

6. ಸಾಗಣೆ, ಜೋಡಣೆ, ಅಂಟು, ಪರದೆ, ಬೀಗ ಮತ್ತು ತೆರಿಗೆ ಒಳಗೊಂಡಿವೆಯೋ, ಪ್ರತ್ಯೇಕವೋ.

7. ಖಾತರಿ: ಚೌಕಟ್ಟು, ಗಾಜು, ಬಿಡಿಭಾಗ ಮತ್ತು ಜೋಡಣೆಗೆ ಬೇರೆ ಬೇರೆಯಾಗಿ. ದೂರದ ನಗರದಿಂದ ದುರಸ್ತಿಗೆ ಬಂದರೆ ಪ್ರಯಾಣದ ಖರ್ಚು ಯಾರದು ಎಂಬುದೂ ಅದರಲ್ಲಿರಬೇಕು. ತೆಲಿಗಿಯಂತಹ ಊರಿನಲ್ಲಿ ಮನೆ ಕಟ್ಟುವವರಿಗೆ ಈ ಕೊನೆಯ ಅಂಶ ಬಹಳ ಮುಖ್ಯ.

ಅಳವಡಿಕೆ: ಮೇಸ್ತ್ರಿಯ ಹಳೆಯ ರೂಢಿ ಇಲ್ಲಿ ನಡೆಯದು

ಮರದ ಚೌಕಟ್ಟನ್ನು ಗೋಡೆ ಕಟ್ಟುವಾಗಲೇ ನಿಲ್ಲಿಸಿ, ಕಬ್ಬಿಣದ ಹಿಡಿಗಳನ್ನು ಗಾರೆಯಲ್ಲಿ ಹೂತು ಬಿಗಿಗೊಳಿಸುವುದು ಬಹುಕಾಲದ ಪದ್ಧತಿ. ಫೈಬರ್‌ಗ್ಲಾಸಿಗೆ ಇದನ್ನು ಅನುಸರಿಸಬಾರದು. ಕಿಂಡಿಯ ಒಳ ಅಂಚುಗಳ ಗಾರೆ, ಕೆಳಗಿನ ಕಡಪ ಅಥವಾ ಗ್ರಾನೈಟ್ ಕಲ್ಲು ಎಲ್ಲವೂ ಮುಗಿದು ಒಣಗಿದ ಮೇಲೆ ಅಳತೆ ತೆಗೆದುಕೊಳ್ಳಬೇಕು. ನಕ್ಷೆಯ ಅಳತೆಗೆ ಕಿಟಕಿ ಮಾಡಿಸಿದರೆ ಮುಂದೆ ಗೋಡೆ ಒಡೆಯಬೇಕಾದೀತು. ಫೈಬರ್‌ಗ್ಲಾಸ್ ಚೌಕಟ್ಟನ್ನು ಮರದಂತೆ ತೋಪಡ ಹೊಡೆದು ಹೊಂದಿಸಲಾಗದು.

ಅಗಲವನ್ನು ಮೇಲೆ, ನಡುವೆ, ಕೆಳಗೆ. ಎತ್ತರವನ್ನು ಎಡ, ನಡು, ಬಲ ಹೀಗೆ ಮೂರು ಮೂರು ಕಡೆ ಅಳೆದು ಅತಿ ಕಡಿಮೆಯಾದ ಅಳತೆಯನ್ನೇ ಹಿಡಿಯಬೇಕು. ಮೂಲೆಯಿಂದ ಮೂಲೆಗೆ ಎರಡೂ ಕರ್ಣಗಳನ್ನು ಅಳೆಯಬೇಕು. ಅವು ಸಮವಿಲ್ಲದಿದ್ದರೆ ಕಿಂಡಿ ಸೊಟ್ಟಗಿದೆ ಎಂದರ್ಥ. ಎರೆ ಭೂಮಿಯಲ್ಲಿ ಕಟ್ಟಿದ ಮನೆಗಳಲ್ಲಿ ಇದು ವಿಶೇಷವಾಗಿ ಅವಶ್ಯಕ. ಎರೆ ಮಣ್ಣು ಮಳೆಗಾಲದಲ್ಲಿ ಉಬ್ಬಿ ಬೇಸಿಗೆಯಲ್ಲಿ ಕುಗ್ಗುವುದರಿಂದ, ತಳಪಾಯ ಸರಿಯಿಲ್ಲದ ಗೋಡೆ ಅಲುಗಾಡಿ ಕಿಟಕಿಯ ಮೂಲೆಯಲ್ಲಿ ಓರೆ ಬಿರುಕು ಬಿಡುತ್ತದೆ. ಅಂತಹ ಬಿರುಕು ಇರುವಲ್ಲಿ ಮೊದಲು ಗೋಡೆಯ ದೋಷ ಸರಿಪಡಿಸಿ, ನಂತರ ಕಿಟಕಿಯ ಮಾತು.

ಚೌಕಟ್ಟಿನ ಸುತ್ತ 5ರಿಂದ 6 ಮಿ.ಮೀ. ಸಂದು ಬಿಡಬೇಕು. ಮೊಳೆ ಬರುವ ಸ್ಥಳಗಳಲ್ಲಿ ಪ್ಲಾಸ್ಟಿಕ್ ಬಿಲ್ಲೆಗಳನ್ನಿಟ್ಟು, ಮಟ್ಟಗೋಲು ಮತ್ತು ತೂಗುಗುಂಡಿನಿಂದ ನೋಡಿ, ತುಕ್ಕು ಹಿಡಿಯದ ಉಕ್ಕಿನ ತಿರುಪುಮೊಳೆಗಳಿಂದ ಬಿಗಿಯಬೇಕು. ಮೂಲೆಯಿಂದ ಸುಮಾರು 150 ಮಿ.ಮೀ. ದೂರದಲ್ಲಿ ಮೊದಲ ಮೊಳೆ, ಅಲ್ಲಿಂದ ಮುಂದೆ 600 ಮಿ.ಮೀ.ಗೆ ಮೀರದ ಅಂತರದಲ್ಲಿ ಉಳಿದವು ಇರುವುದು ಸಾಮಾನ್ಯ ಕ್ರಮ. ತಯಾರಕರ ಸೂಚನೆ ಬೇರೆಯಿದ್ದರೆ ಅದನ್ನೇ ಪಾಲಿಸಬೇಕು. ಅತಿಯಾಗಿ ಬಿಗಿದರೆ ಚೌಕಟ್ಟು ಬಾಗುತ್ತದೆ, ಬಾಗಿಲು ಉಜ್ಜುತ್ತದೆ.

ಸಂದನ್ನು ಸಿಮೆಂಟ್ ಗಾರೆಯಿಂದ ತುಂಬಬಾರದು. ಗಾರೆ ಬಿರುಕು ಬಿಟ್ಟು ನೀರಿಗೆ ದಾರಿಯಾಗುತ್ತದೆ. ಹೆಚ್ಚು ಉಬ್ಬದ ಬಗೆಯ ಪಿ.ಯು. ನೊರೆಯನ್ನು ಮಿತವಾಗಿ ತುಂಬಿ, ಹೊರಗಡೆ ನೊರೆಯ ಹಗ್ಗವಿಟ್ಟು ಅದರ ಮೇಲೆ ಹವಾಮಾನ ತಾಳುವ ಸಿಲಿಕೋನ್ ಅಂಟನ್ನು ಎಳೆಯಬೇಕು. ಧೂಳಿರುವ ಗೋಡೆಗೆ ಅಂಟು ಹಿಡಿಯುವುದಿಲ್ಲವಾದ್ದರಿಂದ ಮೊದಲು ಒರೆಸಿ ಒಣಗಿಸುವುದು ಕಡ್ಡಾಯ.

ಕೆಳಗಿನ ಕಲ್ಲು ಹೊರಕ್ಕೆ ಇಳಿಜಾರಾಗಿರಬೇಕು. ಸಜ್ಜಾದ ತಳದಲ್ಲಿ ನೀರು ಹಿಂದಕ್ಕೆ ಹರಿಯದಂತೆ ಗೀರು ಇರಬೇಕು. ಚೌಕಟ್ಟಿನ ಕೆಳಪಟ್ಟಿಯ ಹೊರಮುಖದಲ್ಲಿ ನೀರು ಹೋಗಲು ಚಿಕ್ಕ ರಂಧ್ರಗಳಿರುತ್ತವೆ. ಅವನ್ನು ದೋಷವೆಂದು ಭಾವಿಸಿ ಅಂಟು ಅಥವಾ ಸಿಮೆಂಟಿನಿಂದ ಮುಚ್ಚುವುದುಂಟು. ಆಗ ನೀರು ಮನೆಯೊಳಗೆ ಇಳಿಯುತ್ತದೆ. ಕಬ್ಬಿಣದ ಸರಳುಗಳನ್ನು ಗೋಡೆಗೇ ಪ್ರತ್ಯೇಕವಾಗಿ ಕೂರಿಸಬೇಕು, ಚೌಕಟ್ಟಿಗೆ ಬಿಗಿಯಬಾರದು. ವೆಲ್ಡಿಂಗ್ ಕೆಲಸವನ್ನು ಕಿಟಕಿ ತರುವ ಮುನ್ನವೇ ಮುಗಿಸಬೇಕು. ಕಿಡಿ ತಾಗಿದರೆ ಲೇಪವೂ ಗಾಜೂ ಕಲೆಯಾಗುತ್ತವೆ.

ಸ್ಥಳದಲ್ಲಿ ಕತ್ತರಿಸುವ ಅಥವಾ ತೂತು ಕೊರೆಯುವ ಸಂದರ್ಭ ಬಂದರೆ ಕೆಲಸಗಾರರು ಮೂಗಿಗೆ ಮುಸುಕು, ಕಣ್ಣಿಗೆ ಕನ್ನಡಕ, ಕೈಗೆ ಗವಸು ಧರಿಸಲೇಬೇಕು. ಗಾಜಿನ ಎಳೆಯ ಪುಡಿ ಚರ್ಮಕ್ಕೂ ಶ್ವಾಸಕ್ಕೂ ಹಾನಿಕರ. ಕತ್ತರಿಸಿದ ಅಂಚಿಗೆ ರಾಳ ಹಚ್ಚಿ ಮುಚ್ಚಬೇಕು. ಕೊನೆಯಲ್ಲಿ, ಕೊಳವೆಯಿಂದ ಹೊರಗಡೆ ಕೆಳಗಿನಿಂದ ಮೇಲಕ್ಕೆ ಹತ್ತು ನಿಮಿಷ ನೀರು ಬಿಟ್ಟು, ಒಳಗಡೆ ತೇವ ಕಾಣಿಸುವುದೋ ನೋಡಬೇಕು. ಈ ಪರೀಕ್ಷೆ ಮುಗಿಯದೆ ಬಾಕಿ ಹಣ ಪಾವತಿಸುವುದು ತರವಲ್ಲ.

ಪಾವತಿಯ ಕ್ರಮವಾಗಿ ಅಳತೆ ನಮೂದಿಸಿದ ಆದೇಶಪತ್ರಕ್ಕೆ ಶೇ. 40, ಜೋಡಣೆ ಮತ್ತು ನೀರಿನ ಪರೀಕ್ಷೆಯ ನಂತರ ಶೇ. 50, ಮೊದಲ ಮುಂಗಾರು ಕಳೆದ ಮೇಲೆ ಉಳಿದ ಶೇ. 10 ಎಂದು ಗೊತ್ತುಪಡಿಸಿಕೊಳ್ಳುವುದು ಇಬ್ಬರಿಗೂ ನ್ಯಾಯವಾದೀತು.

ತೆರಿಗೆಯ ದೃಷ್ಟಿಯಿಂದ

ಪ್ಲಾಸ್ಟಿಕ್ ಕಟ್ಟಡ ಸಾಮಗ್ರಿಗಳ ಶೀರ್ಷಿಕೆ 3925ರಡಿ ಬರುವ ಕಿಟಕಿಗಳಿಗೂ ಶೀರ್ಷಿಕೆ 7610ರ ಅಲ್ಯೂಮಿನಿಯಂ ಕಿಟಕಿಗಳಿಗೂ ಜಿ.ಎಸ್.ಟಿ. ದರ ಶೇ. 18. 2025ರ ಸೆಪ್ಟೆಂಬರ್ 22ರಿಂದ ಸಿಮೆಂಟಿನ ದರ ಶೇ. 28ರಿಂದ 18ಕ್ಕೆ ಇಳಿಯಿತಾದರೂ ಈ ಕಿಟಕಿಗಳ ದರದಲ್ಲಿ ಬದಲಾವಣೆಯಾಗಲಿಲ್ಲ. ಹೀಗಾಗಿ ತೆರಿಗೆಯ ಕಾರಣದಿಂದ ಒಂದು ಬಿಟ್ಟು ಇನ್ನೊಂದನ್ನು ಆರಿಸುವ ಪ್ರಸಂಗ ಬರುವುದಿಲ್ಲ.

ವಾಸದ ಮನೆಯ ಕಿಟಕಿಯನ್ನು ಅಂಗಡಿಯ ಜಿ.ಎಸ್.ಟಿ. ಸಂಖ್ಯೆಗೆ ಬಿಲ್ಲು ಮಾಡಿಸಿ ಹೂಡುವಳಿ ಜಮೆ ಪಡೆಯುವುದು ಕಾನೂನಿಗೆ ವಿರುದ್ಧ. ಸ್ವಂತ ಬಳಕೆಯ ಸರಕಿಗೆ ಜಮೆಯಿಲ್ಲ. ತಪಾಸಣೆಯಲ್ಲಿ ಕಂಡುಬಂದರೆ ತೆರಿಗೆಯ ಜೊತೆಗೆ ಬಡ್ಡಿ ಮತ್ತು ದಂಡವನ್ನೂ ತೆರಬೇಕಾಗುತ್ತದೆ. ಅಂಗಡಿ ಅಥವಾ ಗೋದಾಮಿನ ಕಟ್ಟಡಕ್ಕೂ, ಕಾಯಿದೆಯ 17(5) ಪ್ರಕರಣದಂತೆ, ನಿರ್ಮಾಣ, ನವೀಕರಣ ಅಥವಾ ದುರಸ್ತಿಯ ವೆಚ್ಚವನ್ನು ಬಂಡವಾಳ ಖಾತೆಗೆ ಸೇರಿಸಿದಷ್ಟರ ಮಟ್ಟಿಗೆ ಜಮೆ ದೊರೆಯುವುದಿಲ್ಲ. ಬಾಡಿಗೆಗೆ ಕೊಡುವ ಮಳಿಗೆಗಳ ವಿಷಯದಲ್ಲಿ ಸರ್ವೋಚ್ಚ ನ್ಯಾಯಾಲಯವು ಸಫಾರಿ ರಿಟ್ರೀಟ್ಸ್ ಪ್ರಕರಣದಲ್ಲಿ 2024ರ ಅಕ್ಟೋಬರ್ 3ರಂದು ನೀಡಿದ ತೀರ್ಪು ಕೆಲವರಲ್ಲಿ ಆಸೆ ಹುಟ್ಟಿಸಿತ್ತು. 2025ರ ಹಣಕಾಸು ಕಾಯಿದೆಯು 2017ರ ಜುಲೈ 1ರಿಂದಲೇ ಪೂರ್ವಾನ್ವಯವಾಗುವಂತೆ ತಿದ್ದುಪಡಿ ತಂದು ಆ ದಾರಿಯನ್ನು ಮುಚ್ಚಿದೆ.

ರಾಜಿ ತೆರಿಗೆ ಪದ್ಧತಿಯಲ್ಲಿರುವ ತಯಾರಕರು ಗ್ರಾಹಕರಿಂದ ತೆರಿಗೆ ವಸೂಲು ಮಾಡುವಂತಿಲ್ಲ. ‘ಬಿಲ್ ಆಫ್ ಸಪ್ಲೈ’ ಮಾತ್ರ ಕೊಡಬೇಕು. ಅಂಥವರ ದರಪಟ್ಟಿಯಲ್ಲಿ ಶೇ. 18 ಪ್ರತ್ಯೇಕವಾಗಿ ಕಂಡರೆ ಪ್ರಶ್ನಿಸಬೇಕು. ಸರಕಿನ ಮೌಲ್ಯ 50,000 ರೂ. ಮೀರಿದರೆ ಇ-ವೇ ಬಿಲ್ಲಿನ ನಿಯಮ ಅನ್ವಯಿಸುತ್ತದೆ ಎಂಬುದನ್ನು ಸಾಗಿಸುವವರು ಮರೆಯಬಾರದು.

ಆದಾಯ ತೆರಿಗೆಯಲ್ಲಿ, ಬಾಡಿಗೆ ಮನೆಗೆ ಶೇ. 30ರ ಒಟ್ಟಾರೆ ಕಡಿತವಿರುವುದರಿಂದ ಕಿಟಕಿ ಬದಲಿಸಿದ ಖರ್ಚನ್ನು ಪ್ರತ್ಯೇಕವಾಗಿ ಕಳೆಯಲು ಬರುವುದಿಲ್ಲ. ಆದರೆ ಮುಂದೆ ಮನೆ ಮಾರಿದಾಗ ಸುಧಾರಣಾ ವೆಚ್ಚವಾಗಿ ತೋರಿಸಲು ಅವಕಾಶವುಂಟು. ಅದಕ್ಕೆ ಬೇಕಾದದ್ದು ಸರಿಯಾದ ಬಿಲ್ಲು ಮತ್ತು ಬ್ಯಾಂಕಿನ ಮೂಲಕ ಮಾಡಿದ ಪಾವತಿಯ ದಾಖಲೆ. ಬಿಲ್ಲಿಲ್ಲದೆ ಕೊಂಡು ಉಳಿಸಿದ ಶೇ. 18 ಮುಂದೆ ಖಾತರಿಯನ್ನೂ ಈ ಅವಕಾಶವನ್ನೂ ಒಟ್ಟಿಗೇ ಕಳೆಯುತ್ತದೆ.

ಸಣ್ಣ ಉದ್ಯಮಿಗಳಿಗೆ ಇರುವ ಅವಕಾಶ

ಪಲ್ಟ್ರೂಷನ್ ಯಂತ್ರಕ್ಕೆ ದೊಡ್ಡ ಬಂಡವಾಳ ಬೇಕು. ಅದು ತಾಲ್ಲೂಕು ಮಟ್ಟದ ಉದ್ಯಮವಲ್ಲ. ಆದರೆ ಪಟ್ಟಿಗಳನ್ನು ತರಿಸಿ ಕತ್ತರಿಸಿ ಜೋಡಿಸುವುದು, ಸರಿಯಾಗಿ ಅಳತೆ ತೆಗೆದು ಕೂರಿಸುವುದು ಮತ್ತು ವರ್ಷಕ್ಕೊಮ್ಮೆ ಬಂದು ರಬ್ಬರ್, ಉರುಳೆ, ಚಿಲಕ ನೋಡಿಕೊಡುವುದು ಸ್ಥಳೀಯರು ಮಾಡಬಹುದಾದ ಕೆಲಸ. ಅಲ್ಯೂಮಿನಿಯಂ ಕೆಲಸ ಬಲ್ಲವರು ಮತ್ತು ಬಡಗಿ ವೃತ್ತಿಯ ಯುವಕರು ಸ್ವಲ್ಪ ತರಬೇತಿಯಿಂದ ಇದನ್ನು ಕಲಿಯಬಹುದು. ದೂರದ ಮಾರಾಟಗಾರ ದರದಲ್ಲಿ ಸ್ಪರ್ಧಿಸಬಲ್ಲ. ಮಳೆ ಬಂದ ಮರುದಿನ ಮನೆಗೆ ಬಂದು ಸೋರಿಕೆ ನೋಡುವ ಸೇವೆಯಲ್ಲಿ ಸ್ಪರ್ಧಿಸಲಾರ. ಸೊಳ್ಳೆ ಪರದೆಯಿಂದ ಪ್ರಾರಂಭಿಸುವುದೂ ಸಾಧ್ಯ. ಪಿ.ವಿ.ಸಿ. ಲೇಪಿತ ಫೈಬರ್‌ಗ್ಲಾಸ್ ಜಾಲರಿ ಈಗಾಗಲೇ ನಮ್ಮ ಅನೇಕ ಮನೆಗಳಲ್ಲಿ ಬಳಕೆಯಲ್ಲಿದೆ.

ಸರಕಿನ ಹೆಸರನ್ನು ಬಿಲ್ಲಿನಲ್ಲಿ ಸ್ಪಷ್ಟವಾಗಿ ಬರೆದುಕೊಡುವ ಉದ್ಯಮಿ ಮೊದಲ ವರ್ಷ ಒಂದೆರಡು ಗಿರಾಕಿಗಳನ್ನು ಕಳೆದುಕೊಳ್ಳಬಹುದು. ಆದರೆ ಒಂದು ಹೋಬಳಿಯಲ್ಲಿ ಯಾರ ಮನೆಯ ಕಿಟಕಿ ಸೋರುತ್ತದೆ, ಯಾರದು ಸೋರುವುದಿಲ್ಲ ಎಂಬುದು ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಎಲ್ಲರಿಗೂ ತಿಳಿಯುತ್ತದೆ.

ಒಟ್ಟಿನಲ್ಲಿ, ಫೈಬರ್‌ಗ್ಲಾಸ್ ಉತ್ತಮ ವಸ್ತು. ನಮ್ಮ ಬಿಸಿಲಿಗೆ ಒಗ್ಗುವಂಥದು. ಆದರೆ ಎಲ್ಲ ಮನೆಗೂ ಎಲ್ಲ ಕಿಟಕಿಗೂ ಅದು ಬೇಕೆಂದೇನಿಲ್ಲ. ಮೊದಲು ನೆರಳು, ಆನಂತರ ಗಾಜು, ತರುವಾಯ ಚೌಕಟ್ಟು ಎಂಬ ಕ್ರಮದಲ್ಲಿ ಹಣ ವಿನಿಯೋಗಿಸಿ, ವಸ್ತುವಿನ ಹೆಸರು ಮತ್ತು ಅಳತೆಯನ್ನು ಬರವಣಿಗೆಯಲ್ಲಿ ಪಡೆದು, ನೀರಿನ ಪರೀಕ್ಷೆಯಾದ ಮೇಲೆ ಬಾಕಿ ತೀರಿಸುವ ಗೃಹಸ್ಥನಿಗೆ ಯಾವ ಕಿಟಕಿಯಲ್ಲಿಯೂ ನಷ್ಟವಾಗುವ ಸಂಭವ ಕಡಿಮೆ.